ಬಂದರು ನೋಡುವುದೆಂದರೆ

1

ಮಂಗಳೂರಿಗೆ ಬರುವವರಿಗಾಗಿ ಅಚ್ಚಾಗುವ ಪ್ರವಾಸಿ ಕೈಪಿಡಿಗಳನ್ನು ನಾಲ್ಕಾರು ಓದಿದರೆ ಸಾಕು, ಅವುಗಳ ಕ್ರಮ ಬಾಯಿಪಾಠವಾಗುತ್ತದೆ. ಮೊದಲಿಗೆ ಮಂಗಳಾದೇವಿ, ಕದ್ರಿ, ಕುದ್ರೋಳಿಗಳ ದೇವಸ್ಥಾನ. ಆಮೇಲೆ ರೊಸಾರಿಯೊ ಮತ್ತು ಮಿಲಾಗ್ರಿಸ್ ಇಗರ್ಜಿಗಳು, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಇಟಲಿಯ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳು. ಆಮೇಲೆ ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳು. ಇತಿಹಾಸಕ್ಕೆಂದು ಸುಲ್ತಾನ್ ಬತ್ತೇರಿ. ಸಂಜೆಗೆ ಪಣಂಬೂರು ಅಥವಾ ತಣ್ಣೀರುಬಾವಿ. ರಾತ್ರಿಗೆ ಮೀನಿನ ಊಟ. ಪಟ್ಟಿ ಮುಗಿಯಿತು, ಯಾತ್ರಿಕ ರೈಲು ಹತ್ತಬಹುದು.

ಈ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಇಲ್ಲಿ ಹೇಳಿದ್ದೆಲ್ಲವೂ ಇದೆ, ನೋಡತಕ್ಕದ್ದೂ ಹೌದು. ಆದರೆ ಪಟ್ಟಿಯೆಂಬುದೂ ಒಂದು ಬರಹ. ಯಾವುದನ್ನು ಯಾವುದರ ಪಕ್ಕದಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವಾಗಲೇ ಅದು ಊರಿನ ಬಗ್ಗೆ ಒಂದು ಅಭಿಪ್ರಾಯವನ್ನು ಹೇಳಿಬಿಡುತ್ತದೆ. ಈ ಕೈಪಿಡಿಗಳ ಅಭಿಪ್ರಾಯವೇನು? ಮಂಗಳೂರು ಎಂದರೆ ಹಿಂದೂಗಳ ಕಟ್ಟಡಗಳು, ಕ್ರೈಸ್ತರ ಕಟ್ಟಡಗಳು, ಮುಸ್ಲಿಮರ ಕಟ್ಟಡಗಳು ಮತ್ತು ಮರಳು. ಇವೆಲ್ಲ ಒಂದೇ ಊರಿನಲ್ಲಿ ಯಾಕೆ ಬಂದು ನಿಂತವು ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ಉತ್ತರವಿರುವ ಜಾಗ ಹಳೆಯ ಬಂದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಅಳಿವೆಯ ಒಳಗಿನ ದಕ್ಕೆ. ಅದು ಹೆಚ್ಚಿನ ಪಟ್ಟಿಗಳಲ್ಲಿ ಬರುವುದೇ ಇಲ್ಲ, ಬಂದರೂ ಮೀನಿನ ವಾಸನೆಯ ಎಚ್ಚರಿಕೆಯೊಂದಿಗೆ ಬರುತ್ತದೆ.

ಬಂದರು ಪಟ್ಟಣವನ್ನು ಹೀಗೆ ಬಂದರಿಲ್ಲದೆ ನೋಡುವುದರಿಂದ ಏನು ನಷ್ಟ? ಈ ಪ್ರಶ್ನೆಗೆ ಒಂದು ಪುಸ್ತಕವನ್ನು ಎದುರಿಟ್ಟುಕೊಂಡು ಉತ್ತರ ಹುಡುಕುವುದು ಈ ಲೇಖನದ ಉದ್ದೇಶ. ಪುಸ್ತಕ ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟಿಕ್ ಲ್ಯಾಂಡ್’. ಇಂಗ್ಲಿಷಿನಲ್ಲಿ 1992ರಲ್ಲಿ ಹೊರಬಂದ ಈ ಗ್ರಂಥವನ್ನು ಕಾದಂಬರಿ ಎಂದವರಿದ್ದಾರೆ, ಪ್ರವಾಸ ಕಥನ ಎಂದವರಿದ್ದಾರೆ, ಚರಿತ್ರೆ ಎಂದವರೂ ಇದ್ದಾರೆ. ಘೋಷ್ ಅವರಿಗೆ 2018ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದ ಮೇಲೆ ಅವರ ಕಾದಂಬರಿಗಳ ಕಡೆಗೆ ಓದುಗರ ಲಕ್ಷ್ಯ ಹರಿದಷ್ಟು ಈ ಪುಸ್ತಕದ ಕಡೆಗೆ ಹರಿದಿಲ್ಲ. ಆದರೆ ಕನ್ನಡ, ತುಳು, ಮಲಯಾಳಗಳ ನಡುವೆ ಬದುಕುವ ಈ ವಾರ್ಷಿಕದ ಓದುಗರಿಗೆ ಅವರ ಪುಸ್ತಕಗಳಲ್ಲೆಲ್ಲ ಇದೇ ಹೆಚ್ಚು ಸಂಬಂಧಪಟ್ಟದ್ದು ಎಂದು ನನ್ನ ಭಾವನೆ.

2

ಪುಸ್ತಕದ ಎಳೆ ಎರಡು. ಒಂದು, ಮಾನವಶಾಸ್ತ್ರದ ವಿದ್ಯಾರ್ಥಿಯಾಗಿ ಘೋಷ್ 1980ರ ಸುಮಾರಿಗೆ ಈಜಿಪ್ಟಿನ ಹಳ್ಳಿಗಳಲ್ಲಿ ಕಳೆದ ದಿನಗಳ ಕಥೆ. ಇನ್ನೊಂದು, ಹನ್ನೆರಡನೆಯ ಶತಮಾನದ ಒಬ್ಬ ಯಹೂದಿ ವರ್ತಕನ ಮತ್ತು ಅವನ ಆಳಿನ ಕಥೆ. ವರ್ತಕನ ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನಿಷಿಯಾದ ಮಹ್ದಿಯಾ ಎಂಬ ಊರಿನವನು. ಏಡನ್ನಿಗೆ ಬಂದು, ಅಲ್ಲಿಂದ 1132ಕ್ಕೆ ಮೊದಲೇ ಮಂಗಳೂರಿಗೆ ಬಂದು, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದು, 1149ರಲ್ಲಿ ಏಡನ್ನಿಗೆ ಹಿಂದಿರುಗಿದವನು. ಆಳಿನ ಹೆಸರನ್ನು ಘೋಷ್ ‘ಬೊಮ್ಮ’ ಎಂದು ಓದುತ್ತಾರೆ.

ಇವರ ಕಥೆ ನಮಗೆ ಸಿಕ್ಕಿದ್ದೇ ಒಂದು ವಿಚಿತ್ರ. ದೇವರ ಹೆಸರಿರುವ ಕಾಗದವನ್ನು ಹರಿದು ಹಾಕಬಾರದೆಂಬ ನಂಬಿಕೆಯಿಂದ, ಹಳೆಯ ಕೈರೋದ ಫುಸ್ತಾತಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಎಲ್ಲ ಬಗೆಯ ಬರವಣಿಗೆಯನ್ನೂ ಒಂದು ಕೋಣೆಗೆ ಹಾಕುತ್ತಿದ್ದರು. ಇದೇ ಗೆನೀಝಾ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಾಗದಗಳು ಕೇಂಬ್ರಿಜ್ ಮೊದಲಾದ ಕಡೆಗೆ ಹೋದವು. ಅವುಗಳಲ್ಲಿ ವರ್ತಕರ ಪತ್ರಗಳಿದ್ದವು, ಲೆಕ್ಕದ ಚೀಟಿಗಳಿದ್ದವು, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲಿ. ಗೊಯ್ಟೈನ್ ಎಂಬ ವಿದ್ವಾಂಸರು ತಮ್ಮ ಜೀವಮಾನವನ್ನೇ ಇದಕ್ಕೆ ಕೊಟ್ಟರು. ಅವುಗಳಲ್ಲೊಂದು ಪತ್ರ 1148ರಲ್ಲಿ ಏಡನ್ನಿನಿಂದ ಮಂಗಳೂರಿನ ಬೆನ್ ಯಿಜುವಿಗೆ ಬರೆದದ್ದು. ಕೊನೆಗೆ ಅವನ ಆಳಿಗೂ ಒಂದು ನಮಸ್ಕಾರ ಹೇಳುತ್ತದೆ. ಆ ನಮಸ್ಕಾರದ ಬೆನ್ನು ಹತ್ತಿ ಘೋಷ್ ಅರಬ್ಬಿ ಕಲಿತರು, ಆ ಲಿಪಿಯನ್ನು ಕಲಿತರು, ಕೊನೆಗೆ ಮಂಗಳೂರಿಗೆ ಬಂದರು.

ಅವರು ಮಂಗಳೂರಿನಲ್ಲಿ ಏನು ಮಾಡಿದರು ಎಂಬುದನ್ನು ಗಮನಿಸಬೇಕು. ನೋಡಬೇಕಾದ ಸ್ಥಳಗಳ ಪಟ್ಟಿ ಹಿಡಿದು ಅವರು ಹೊರಡಲಿಲ್ಲ. ಒಂದು ಹೆಸರನ್ನು ಕೈಯಲ್ಲಿ ಹಿಡಿದು ಹೊರಟರು. ಹೀಬ್ರೂ ಅಕ್ಷರಗಳಲ್ಲಿ ಮೂರು ವ್ಯಂಜನಗಳಷ್ಟೇ ಉಳಿದ ಆ ಹೆಸರು ಯಾವುದಿರಬಹುದು? ತುಳು ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರೊಡನೆ ಕುಳಿತು ಚರ್ಚಿಸಿದ ಮೇಲೆ, ತುಳುನಾಡಿನ ದೈವ ‘ಬೆರ್ಮೆ’ಯ ಕಡೆಗೆ ಹೋಗುವ ‘ಬೊಮ್ಮ’ ಎಂಬ ರೂಪ ಅವರಿಗೆ ಒಪ್ಪಿತವಾಯಿತು. ಅರಬ್ಬಿ ಭಾಷೆಯ, ಯಹೂದಿ ಲಿಪಿಯ, ಕೈರೋದ ಕೋಣೆಯೊಂದರ ಕಾಗದದ ಅರ್ಥ ತೆರೆಯಲು ಪಾಡ್ದನಗಳನ್ನು ಬಲ್ಲವರು ಬೇಕಾದರು. ನನ್ನ ಮಟ್ಟಿಗೆ ಪುಸ್ತಕದ ಅತ್ಯಂತ ಮುಖ್ಯವಾದ ಘಟ್ಟ ಇದು. ಬಂದರಿನ ಚರಿತ್ರೆಯನ್ನು ಒಂದು ಭಾಷೆಯವರು ಒಂಟಿಯಾಗಿ ಬರೆಯಲಾರರು ಎಂಬ ಮಾತನ್ನು ಘೋಷ್ ಎಲ್ಲಿಯೂ ಉಪದೇಶ ಮಾಡುವುದಿಲ್ಲ; ಮಾಡಿ ತೋರಿಸುತ್ತಾರೆ.

3

ಈ ಪುಸ್ತಕದ ದೊಡ್ಡ ಗುಣವೆಂದರೆ ಅದು ಬಂದರನ್ನು ಲೆಕ್ಕದ ಪುಸ್ತಕದ ಮೂಲಕ ಓದುತ್ತದೆ. ಮಂಗಳೂರಿನಿಂದ ಏಡನ್ನಿಗೆ ಹೋದದ್ದು ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಏಡನ್ನಿನಿಂದ ಬಂದದ್ದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಬೆನ್ ಯಿಜು ಇಲ್ಲಿ ಕಂಚಿನ ಕೆಲಸದ ಒಂದು ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದು ಮಾಡಿಸಿಕೊಡು ಎಂದು ಬರೆಯುತ್ತಿದ್ದರು. ಅರಬ್ಬೀ ಸಮುದ್ರದ ಆ ದಡದ ಮನೆಯಲ್ಲಿ ಕೈ ತೊಳೆಯುವ ಬೋಗುಣಿಯನ್ನು ಈ ದಡದ ಕಂಚುಗಾರ ಮಾಡಿದ್ದ ಎಂಬ ವಿಷಯ ನಮ್ಮ ಪಠ್ಯಪುಸ್ತಕಗಳ ಚರಿತ್ರೆಯಲ್ಲಿ ಬರುವುದಿಲ್ಲ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಪಡೆದು ಕೊಡದೇ ಹೋದ ಒಬ್ಬನ ಬಗ್ಗೆ ಪತ್ರಗಳಲ್ಲಿ ತಕರಾರು ಇದೆ. 1135ರ ಸುಮಾರಿಗೆ ಯಜಮಾನನ ಸರಕಿನೊಡನೆ ಏಡನ್ನಿಗೆ ಹೋದ ಬೊಮ್ಮ ಅಲ್ಲಿ ಕುಡಿದು ಗಲಾಟೆ ಮಾಡಿ, ಹಣಕ್ಕಾಗಿ ಕಾಡಿದ ಎಂಬ ದೂರೂ ಇದೆ. ಹೀಗೆ ಲೆಕ್ಕ, ಸಾಲ, ಸಿಟ್ಟು, ಕುಡಿತಗಳ ನಡುವೆ ಒಂದು ಬಂದರು ಎದ್ದು ನಿಲ್ಲುತ್ತದೆ. ಯಾವ ಕಟ್ಟಡದ ವರ್ಣನೆಯೂ ಇಷ್ಟು ಜೀವ ಕೊಡಲಾರದು.

ಇನ್ನೊಂದು ವಿಷಯ. ಬೆನ್ ಯಿಜು 1132ರ ಅಕ್ಟೋಬರದಲ್ಲಿ ಮಂಗಳೂರಿನಲ್ಲಿ ಅಶು ಎಂಬ ದಾಸಿಯೊಬ್ಬಳನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಆಕೆಯನ್ನೇ ಆತ ಮದುವೆಯಾದನೆಂದೂ, ಆಕೆ ನಾಯರ್ ಕುಲದವಳಿರಬೇಕೆಂದೂ ಘೋಷ್ ಊಹಿಸುತ್ತಾರೆ. ಊಹೆ ನಿಜವಾದರೆ ಆ ಮನೆಯಲ್ಲಿ ಯಜಮಾನನ ಮಾತು ಅರಬ್ಬಿ, ಹೆಂಡತಿಯ ಮಾತು ಮಲಯಾಳದ ಆ ಕಾಲದ ರೂಪ, ಆಳಿನ ಮಾತು ತುಳು. ಮಕ್ಕಳು ಯಾವ ಮಾತಿನಲ್ಲಿ ಅತ್ತರೋ! ಎರಡು ಭಾಷೆಯಲ್ಲಿ ಒಂದು ವಾರ್ಷಿಕ ಹೊರಡಿಸುವುದು ಸಾಹಸವೆಂದು ನಾವಿಂದು ಹೇಳಿಕೊಳ್ಳುತ್ತೇವೆ. ಎಂಟುನೂರ ತೊಂಬತ್ತು ವರ್ಷಗಳ ಹಿಂದೆ ಮಂಗಳೂರಿನ ಒಂದು ಅಡುಗೆಮನೆಯಲ್ಲಿ ಅದು ದಿನನಿತ್ಯದ ವ್ಯವಹಾರವಾಗಿತ್ತು.

4

ಇಷ್ಟು ಹೇಳಿದ ಮೇಲೆ ಪುಸ್ತಕದ ಮಿತಿಗಳನ್ನೂ ಹೇಳಬೇಕಾಗುತ್ತದೆ. ಘೋಷ್ ಅವರಿಗೆ ಈ ಹಳೆಯ ಲೋಕದ ಮೇಲೆ ಪ್ರೀತಿಯಿದೆ, ಪ್ರೀತಿ ಅನೇಕ ಸಲ ಕಣ್ಣನ್ನು ಮಂಜಾಗಿಸುತ್ತದೆ. ಪೋರ್ಚುಗೀಸರು ಬಂದು ತೋಪು ಹಾರಿಸುವವರೆಗೆ ಹಿಂದೂ ಮಹಾಸಾಗರದ ವ್ಯಾಪಾರ ನಿರಾಯುಧವಾಗಿ, ಪರಸ್ಪರ ರಾಜಿಯಲ್ಲಿ ನಡೆದಿತ್ತು ಎಂಬುದು ಅವರ ವಾದ. ಪೋರ್ಚುಗೀಸರ ಹಿಂಸೆಯ ಬಗ್ಗೆ ಎರಡು ಮಾತಿಲ್ಲ. ಆದರೆ 1135ರಲ್ಲಿ ಕಿಶ್ ದ್ವೀಪದ ಅಮೀರ ಏಡನ್ನಿನ ಮೇಲೆ ನೌಕಾದಾಳಿ ಮಾಡಿದ ವಿವರ ಗೆನೀಝಾ ಪತ್ರಗಳಲ್ಲೇ ಇದೆ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತಾ ಮಂಗಳೂರಿನ ಬಗ್ಗೆ ಹೇಳುವ ಮಾತು ಇನ್ನೂ ಅರ್ಥಪೂರ್ಣವಾದದ್ದು. ಅಲ್ಲಿ ಸುಮಾರು 4,000 ಮುಸ್ಲಿಮರು ಊರ ಪಕ್ಕದ ಕೇರಿಯಲ್ಲಿದ್ದರು. ಅವರಿಗೂ ಊರವರಿಗೂ ಆಗಾಗ ಕಾಳಗವಾಗುತ್ತಿತ್ತು. ರಾಜ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವರ್ತಕರು ಬೇಕಾಗಿದ್ದರು.

ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ಈ ಕೊನೆಯ ಮಾತನ್ನು ಗಮನಿಸಬೇಕು. ಹಿಂದೆ ಎಲ್ಲರೂ ಒಳ್ಳೆಯವರಾಗಿದ್ದರು, ಆದ್ದರಿಂದ ಕೂಡಿ ಬಾಳಿದರು ಎಂಬುದು ಕಥೆ. ಜಗಳವಿತ್ತು, ಆದರೆ ಒಬ್ಬರಿಗೊಬ್ಬರು ಬೇಕಾಗಿದ್ದರು ಎಂಬುದು ಚರಿತ್ರೆ. ಎರಡನೆಯದರಿಂದ ನಮಗೆ ಹೆಚ್ಚು ಉಪಯೋಗ. ಒಳ್ಳೆಯತನವನ್ನು ಆಜ್ಞೆಯಿಂದ ತರಲಾಗುವುದಿಲ್ಲ. ಪರಸ್ಪರ ಬೇಕಾಗುವಿಕೆಯನ್ನು ಕಾಪಾಡಿಕೊಳ್ಳಬಹುದು. ಅದು ಕಣ್ಣಿಗೆ ಬೀಳುವ ಜಾಗವೇ ದಕ್ಕೆ. ದಕ್ಕೆಯನ್ನು ಬಿಟ್ಟು ದೇವಸ್ಥಾನ, ಇಗರ್ಜಿ, ಮಸೀದಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯುವ ಪಟ್ಟಿ, ತನಗೆ ಗೊತ್ತಿಲ್ಲದೆಯೇ, ಮೂವರೂ ಒಬ್ಬರಿಗೊಬ್ಬರು ಬೇಡವಾಗಿದ್ದರು ಎಂದು ಹೇಳಿದಂತಾಗುತ್ತದೆ. ಘೋಷ್ ಅವರ ಪುಸ್ತಕದ ಕೊನೆಯಲ್ಲಿ ಇದೇ ಪಟ್ಟಿ ಇನ್ನೊಂದು ರೂಪದಲ್ಲಿ ಬರುತ್ತದೆ. ಈಜಿಪ್ಟಿನಲ್ಲಿ ಯಹೂದಿ ಸಂತನೊಬ್ಬನ ಗೋರಿಯನ್ನು ನೋಡಲು ಹೋದ ಅವರನ್ನು ಅಧಿಕಾರಿಗಳು ತಡೆದು ಕೇಳುತ್ತಾರೆ: ಯಹೂದಿಯೂ ಅಲ್ಲದ, ಮುಸ್ಲಿಮನೂ ಅಲ್ಲದ ಭಾರತೀಯನಿಗೆ ಇಲ್ಲೇನು ಕೆಲಸ? ಬೊಮ್ಮ ಮತ್ತು ಬೆನ್ ಯಿಜುವಿನ ಕಥೆಗೆ ಆ ಅಧಿಕಾರಿಯ ಕಡತದಲ್ಲಿ ಸ್ಥಳವಿಲ್ಲ.

ಎರಡನೆಯ ತಕರಾರು ಗುಲಾಮಗಿರಿಯನ್ನು ಕುರಿತದ್ದು. ಆ ಕಾಲದ ದಾಸ್ಯ ಮುಂದಿನ ತೋಟಗಳ ಗುಲಾಮಗಿರಿಯಂತಿರಲಿಲ್ಲ, ಅದು ಆಶ್ರಯ ಮತ್ತು ನಂಬಿಕೆಯ ಸಂಬಂಧವೂ ಆಗಿತ್ತು ಎಂದು ಘೋಷ್ ಹೇಳುತ್ತಾರೆ. ಬೊಮ್ಮನ ಸಮಕಾಲೀನರಾದ ವಚನಕಾರರು ದೇವರ ಮುಂದೆ ತಮ್ಮನ್ನು ಆಳೆಂದು ಕರೆದುಕೊಂಡದ್ದನ್ನು ಇದಕ್ಕೆ ಆಧಾರವಾಗಿ ತರುತ್ತಾರೆ. ಕನ್ನಡ ಓದುಗ ಇಲ್ಲಿ ನಿಲ್ಲಬೇಕು. ಶರಣರು ಕೂಡಲಸಂಗಮನ ತೊತ್ತು ಎಂದುಕೊಂಡದ್ದು, ಬೇರೆ ಯಾರ ತೊತ್ತೂ ಆಗೆನೆಂಬ ಹಟದಿಂದ. ಅದು ತಾವಾಗಿ ಆರಿಸಿಕೊಂಡ ದಾಸ್ಯ. ಲೋಕದ ಒಡೆಯರಿಂದ ಬಿಡಿಸಿಕೊಳ್ಳುವ ದಾರಿ. ಬೊಮ್ಮನಿಗೆ ಆ ಆಯ್ಕೆಯಿತ್ತೆಂದು ಹೇಳಲು ಒಂದು ಚೀಟಿಯೂ ಇಲ್ಲ. ಬೊಮ್ಮನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಯಜಮಾನರ ಗೆಳೆಯರು ಬರೆದದ್ದು. ಅವನು ಕುಡಿದು ಗಲಾಟೆ ಮಾಡಿದ ಎಂಬುದು ಅವರ ಮಾತು. ಯಾಕೆ ಮಾಡಿದ ಎಂಬುದು ಬೊಮ್ಮನ ಮಾತಾಗಬೇಕಿತ್ತು. ಅಶುವಿನ ಮಾತೂ ಇಲ್ಲ. ಗಂಡ ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೋದಾಗ ಆಕೆ ಕಾಗದಗಳಿಂದ ಮರೆಯಾಗುತ್ತಾಳೆ.

5

ಮೂರನೆಯ ತಕರಾರಿಗೆ ನಾನಿರುವ ಜಾಗವೇ ಕಾರಣ. ನಾನು ಧನ್ವಾಡದ ಕಡೆಯವನು. ನಾರಾಯಣಪೇಟೆ, ಮಖ್ತಲ್, ಗದ್ವಾಲ್ ಎಂದು ಹರಡಿದ ಈ ನೆಲಕ್ಕೆ ಯಾವ ದಿಕ್ಕಿನಿಂದಲೂ ಸಮುದ್ರ ಹತ್ತಿರವಿಲ್ಲ. ಇಲ್ಲಿ ಕೆಲವು ಮನೆಗಳಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಹಳೆಯ ದಸ್ತಾವೇಜಿನಲ್ಲಿ ಉರ್ದು. ಕಾಸರಗೋಡಿನ ಸ್ನೇಹಿತರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ಸಂಸ್ಥಾನ ಒಡೆದು, ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಆ ಜಿಲ್ಲೆಯ ಗದ್ವಾಲ್, ಆಲಂಪುರ ತಾಲೂಕುಗಳು ಮಹಬೂಬನಗರದೊಡನೆ ಆಂಧ್ರಕ್ಕೆ ಉಳಿದವು. ಒಂದೇ ಕಾಯಿದೆ, ಎರಡು ಗಡಿ.

ಒಳನಾಡಿನಲ್ಲಿ ಕುಳಿತು ಓದುವವನಿಗೆ ಘೋಷ್ ಅವರ ಪುಸ್ತಕದಲ್ಲಿ ಒಂದು ಕೊರತೆ ತಟ್ಟನೆ ಕಾಣುತ್ತದೆ. ಮಂಗಳೂರಿನ ದಕ್ಕೆಯಿಂದ ಪಶ್ಚಿಮಕ್ಕೆ ಹೋಗುವ ದಾರಿ ಅಲ್ಲಿ ಹೆಜ್ಜೆ ಹೆಜ್ಜೆಗೂ ಇದೆ. ಪೂರ್ವದಿಂದ ದಕ್ಕೆಗೆ ಬರುವ ದಾರಿ ಇಲ್ಲ. ಮೆಣಸು, ಏಲಕ್ಕಿ ದಕ್ಕೆಯಲ್ಲಿ ಬೆಳೆಯುವುದಿಲ್ಲ. ಘಟ್ಟದಲ್ಲಿ ಬೆಳೆದದ್ದನ್ನು ಯಾರೋ ಕೊಯ್ದು, ಒಣಗಿಸಿ, ತಲೆಹೊರೆಯಲ್ಲೋ ಹೇರೆತ್ತಿನ ಮೇಲೋ ಕಣಿವೆ ಇಳಿಸಿ ತಂದರು. ಅವರ ಬಗ್ಗೆ ಗೆನೀಝಾ ಮೌನವಾಗಿದೆ, ಘೋಷ್ ಕೂಡ. ಪತ್ರಗಳು ಸಮುದ್ರದ ಕಡೆಯಿಂದ ಬರೆದವು. ಆದ್ದರಿಂದ ಬಂದರೂ ಸಮುದ್ರದ ಕಡೆಯಿಂದಲೇ ಕಾಣುತ್ತದೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಬಾರ್ಬೋಸಾ ಮಂಗಳೂರಿನಿಂದ ಮಲಬಾರಿಗೆ ಅಕ್ಕಿ ಹೋಗುತ್ತಿದ್ದುದನ್ನು ಹೇಳುತ್ತಾನೆ. ಮಲಬಾರಿನ ಮಾಪಳ ವರ್ತಕನ ಊಟದ ತಟ್ಟೆಯಲ್ಲಿ ತುಳುನಾಡಿನ ಗದ್ದೆ ಇತ್ತು. ಆ ಗದ್ದೆ ಉತ್ತವರ ಹೆಸರು ಎಲ್ಲಿದೆ?

ನಮ್ಮ ಕಡೆಯ ಅನುಭವ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕೃಷ್ಣಾ ನದಿ ಕರ್ನಾಟಕವನ್ನು ಬಿಟ್ಟು ತೆಲಂಗಾಣವನ್ನು ಹೊಗುವುದು ಮಖ್ತಲಿನ ಹತ್ತಿರ ತಂಗಡಿಗಿಯ ಬಳಿ; ಅದು ಸಮುದ್ರ ಸೇರುವುದು ಹಂಸಲದೀವಿಯಲ್ಲಿ, ಮಚಲೀಪಟ್ಟಣದ ಪಕ್ಕದಲ್ಲಿ. ಗೋಲ್ಕೊಂಡದ ಕಾಲದಲ್ಲಿ ಮಚಲೀಪಟ್ಟಣವೇ ಈ ನೆಲದ ಬಂದರು. 1611ರಲ್ಲಿ ಇಂಗ್ಲಿಷರು ಅಲ್ಲಿ ಕೋಠಿ ತೆರೆದದ್ದು ಸಮುದ್ರದ ಗಾಳಿಗಾಗಿ ಅಲ್ಲ, ದಖ್ಖನಿನ ಬಟ್ಟೆಗಾಗಿ. 1864ರ ನವೆಂಬರಿನ ಚಂಡಮಾರುತ ಆ ಊರಿನಲ್ಲಿ ಸುಮಾರು 30,000 ಜನರನ್ನು ಬಲಿ ತೆಗೆದುಕೊಂಡಿತು. ಬಂದರು ಮೊದಲಿನಂತೆ ಏಳಲೇ ಇಲ್ಲ. ಅಲ್ಲಿಗೆ ಹೋಗುವವರಿಗೆ ಪಟ್ಟಿಗಳು ತೋರಿಸುವುದು ಮಂಗಿನಪೂಡಿಯ ಕಡಲತೀರವನ್ನು. ನೋಡಬೇಕಾದ್ದು ಪಕ್ಕದ ಪೆಡನದಲ್ಲಿ ಇಂದಿಗೂ ಮರದ ಅಚ್ಚೊತ್ತಿ ಕಲಂಕಾರಿ ಮಾಡುವ ಕೈಗಳನ್ನು. ಬಂದರು ಸತ್ತ ಮೇಲೂ ಬಂದರನ್ನು ಬದುಕಿಸಿದ ಕಸುಬು ಉಳಿದಿದೆ. ಗದ್ವಾಲಿನ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ರೇಷ್ಮೆಯದು. ನೋಡುವವರ ಕಣ್ಣು ಹೋಗುವುದು ಅಂಚಿಗೆ. ಉಡುವವಳಿಗೆ ಗೊತ್ತು, ಸೀರೆ ನಿಂತಿರುವುದು ಒಡಲಿನಿಂದ. ಬಂದರಿಗೂ ಒಳನಾಡಿಗೂ ಇರುವ ಸಂಬಂಧ ಇದಕ್ಕಿಂತ ಬೇರೆಯಲ್ಲ.

6

ಇಲ್ಲಿ ಮಲಯಾಳದ ಒಂದು ಕೃತಿಯನ್ನು ನೆನೆಯುವುದು ಉಚಿತ. ಎಸ್.ಕೆ. ಪೊಟ್ಟೆಕ್ಕಾಟ್ ಜಗತ್ತನ್ನೆಲ್ಲ ಸುತ್ತಿ ಪ್ರವಾಸ ಕಥನ ಬರೆದವರು. ಆದರೆ ತಮ್ಮ ಕಲ್ಲಿಕೋಟೆಯನ್ನು ಬರೆಯಬೇಕಾದಾಗ ಅವರು ಪ್ರವಾಸಿಯ ದೃಷ್ಟಿಯನ್ನು ಬದಿಗಿಟ್ಟರು. 1960ರ ‘ಒರು ತೆರುವಿಂಡೆ ಕಥ’ದಲ್ಲಿ ಇರುವುದು ಮಿಠಾಯಿ ತೆರುವು ಎಂಬ ಒಂದೇ ಬೀದಿ. ಅಲ್ಲಿ ವಾಸ್ಕೋ ಡ ಗಾಮನಿಲ್ಲ, ಸಾಮೂದಿರಿಯ ಅರಮನೆಯಿಲ್ಲ. ಪತ್ರಿಕೆ ಮಾರುವ ಕುರುಪ್ಪು ಇದ್ದಾನೆ, ಬೀದಿಯಲ್ಲೇ ಉಂಡು ಬೀದಿಯಲ್ಲೇ ಮಲಗುವ ಜನ ಇದ್ದಾರೆ. ಘೋಷ್ ಅವರಿಗೆ ಬೊಮ್ಮನ ಹೆಸರು ಸಿಗಲು ಮೂರು ದೇಶಗಳ ಗ್ರಂಥಾಲಯಗಳು ಬೇಕಾದವು. ಪೊಟ್ಟೆಕ್ಕಾಟರಿಗೆ ತಮ್ಮ ಕಾಲದ ಬೊಮ್ಮರು ಬೀದಿಯಲ್ಲೇ ಸಿಕ್ಕರು, ಅವರ ಬಾಯಲ್ಲೇ ಅವರ ಮಾತು ಸಿಕ್ಕಿತು. 2023ರಲ್ಲಿ ಯುನೆಸ್ಕೋ ಕಲ್ಲಿಕೋಟೆಯನ್ನು ಸಾಹಿತ್ಯ ನಗರವೆಂದು ಗುರುತಿಸಿತು; ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು. ಆ ಗೌರವದಲ್ಲಿ ಒಂದು ಪಾಲು ಆ ಬೀದಿಯ ಜನರಿಗೆ ಸಲ್ಲಬೇಕು.

ಮಂಗಳೂರಿಗೆ ಇಂಥ ಒಂದು ಬೀದಿಯ ಕಥೆ ಬೇಕಾಗಿದೆ. ಕನ್ನಡದಲ್ಲಿ ಕಡಲನ್ನು ಬರೆದವರಿದ್ದಾರೆ, ಕಡಲತೀರದ ಮನೆಗಳನ್ನು ಬರೆದವರಿದ್ದಾರೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ 1984ರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಮುಚ್ಚಿದ ಬಾಗಿಲುಗಳ ಒಳಗಿನ ಹೆಣ್ಣಿನ ಮಾತನ್ನು ಕನ್ನಡಕ್ಕೆ ತಂದರು. ಅಶುವಿಗೆ ಸಿಗದ ದನಿ ನಾದಿರಾಳಿಗೆ ಸಿಕ್ಕಿತು. ಆದರೆ ದಕ್ಕೆಯಲ್ಲಿ ಮೂಟೆ ಹೊರುವವನ, ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ ಹೊತ್ತು ಹೋಗುವ ಮಂಜಿಯ ನಾವಿಕನ ಕಥೆಗೆ ಇನ್ನೂ ಜಾಗ ಖಾಲಿಯಿದೆ.

7

ಹಾಗಾದರೆ ಮಂಗಳೂರಿಗೆ ಹೋದವರು ಏನು ಮಾಡಬೇಕು? ವಿಮರ್ಶೆ ಬರೆಯುವವನು ಪಟ್ಟಿಯನ್ನು ದೂರಿ ಸುಮ್ಮನಾದರೆ ಸಾಲದು, ಬದಲಿ ಪಟ್ಟಿಯನ್ನೂ ಕೊಡಬೇಕು.

ಬೆಳಿಗ್ಗೆ ಹಳೆಯ ಬಂದರಿನಿಂದ ಪ್ರಾರಂಭಿಸಬೇಕು. ಲಕ್ಷದ್ವೀಪದ ಸರಕು ಇಂದಿಗೂ ಅಲ್ಲಿಂದ ಹೋಗುತ್ತದೆ. ಏನು ಹೋಗುತ್ತದೆ, ಏನು ಬರುತ್ತದೆ ಎಂದು ಕೇಳಬೇಕು. ಅಲ್ಲಿ ಹೊತ್ತು ತರುವವರ ಮಾತು ಬ್ಯಾರಿಯೇ, ತುಳುವೇ, ಕನ್ನಡವೇ, ಮಲಯಾಳವೇ ಎಂದು ಕಿವಿಗೊಡಬೇಕು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಝೀನತ್ ಬಕ್ಷ್ ಮಸೀದಿ. ಮಾಲಿಕ್ ದೀನಾರರ ತಂಡ ಕಟ್ಟಿಸಿತೆಂದು ಹೇಳುವ ಮಸೀದಿಗಳಲ್ಲಿ ಇದೂ ಒಂದು. ಆ ಐತಿಹ್ಯದಲ್ಲಿ ಕೊಡುಂಗಲ್ಲೂರು, ಪಂದಲಾಯಿನಿ, ಕಾಸರಗೋಡು, ಮಂಗಳೂರು, ಬಾರಕೂರು ಒಂದೇ ದಾರದ ಮಣಿಗಳು. ಐತಿಹ್ಯದ ಕಾಲಮಾನವನ್ನು ವಿದ್ವಾಂಸರು ಚರ್ಚಿಸಲಿ. ಆ ಹೆಸರುಗಳ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿದರೆ 1956ರ ಗಡಿ ಎಷ್ಟು ಎಳೆಯದು ಎಂದು ತಿಳಿಯುತ್ತದೆ.

ಕದ್ರಿಗೆ ಹೋದವರು ಮಂಜುನಾಥನಿಗೆ ಕೈಮುಗಿದು, ಅಲ್ಲಿಯೇ ಇರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದರ ಪೀಠದ ಶಾಸನ ಅಳುಪ ಅರಸ ಕುಂದವರ್ಮನದು, ಕ್ರಿ.ಶ. 968ರದು, ಆ ಸ್ಥಳವನ್ನು ಅದು ‘ವಿಹಾರ’ ಎನ್ನುತ್ತದೆ. ಬೆನ್ ಯಿಜುವಿನ ಕಾರ್ಖಾನೆಗೆ ನೂರ ಅರವತ್ತು ವರ್ಷ ಮೊದಲೇ ಈ ಊರಿನಲ್ಲಿ ಇಂಥ ಕಂಚು ಪೂಜೆಗೊಳ್ಳುತ್ತಿತ್ತು. ಏಡನ್ನಿನವರು ಒಡೆದ ಪಾತ್ರೆಗಳನ್ನು ಇಷ್ಟು ದೂರ ಯಾಕೆ ಕಳಿಸಿದರು ಎಂಬುದಕ್ಕೆ ಆ ವಿಗ್ರಹ ಅರ್ಧ ಉತ್ತರ ಕೊಡಬಹುದು.

ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವಿದ್ದ ಜಾಗವನ್ನು ನೋಡಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಈ ಊರಿನಿಂದ. ಮರುವರ್ಷವೇ ಅದು ಒಳನಾಡಿನ ಬಳ್ಳಾರಿಗೆ ಹೋಯಿತು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬೆಳಕು ಕಂಡದ್ದು ಇದೇ ಮಂಗಳೂರಿನಲ್ಲಿ. ಮೂರು ಭಾಷೆಗಳ ಪದಸಂಪತ್ತು ಒಂದೇ ಮುದ್ರಣಾಲಯದ ಮೊಳೆಗಳಲ್ಲಿ ಕೂಡಿತು. ಹಾಗೆಯೇ ತಲೆಯೆತ್ತಿ ಸೂರು ನೋಡಬೇಕು. 1865ರಲ್ಲಿ ಅದೇ ಮಿಶನ್ ಪ್ರಾರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹೊಳೆಯ ಮಣ್ಣು ಸುಟ್ಟು ಹೆಂಚಾಗಿ ಸಮುದ್ರ ದಾಟಿತು.

ಸುಲ್ತಾನ್ ಬತ್ತೇರಿಯಲ್ಲಿ ಕೋಟೆಗೆ ಬೆನ್ನು ಹಾಕಿ ಹೊಳೆಯನ್ನು ನೋಡಬೇಕು. ಯಾವ ನೀರಿಗಾಗಿ ಕಾವಲು ಕೂತಿದ್ದರು ಎಂಬುದು ಆಗ ಅರ್ಥವಾಗುತ್ತದೆ. ಪಣಂಬೂರಿನಲ್ಲಿ ಮರಳಿನ ಮೇಲೆ ಕೂರುವುದರ ಜೊತೆಗೆ ಪಕ್ಕದ ಬಂದರನ್ನೂ ನೆನೆಯಬೇಕು. 1974ರಲ್ಲಿ ಆರಂಭವಾದ ಆ ಬಂದರಿಗೆ ಕುದುರೆಮುಖದ ಅದಿರು ಘಟ್ಟದಿಂದ ಕೊಳವೆಯಲ್ಲಿ ಇಳಿದು ಬರುತ್ತಿತ್ತು. 2005ರ ಕೊನೆಯಲ್ಲಿ ನ್ಯಾಯಾಲಯದ ಆದೇಶದಿಂದ ಗಣಿ ನಿಂತಿತು. ಬೆನ್ ಯಿಜುವಿನ ಚೀಟಿಯ ಕಬ್ಬಿಣದಿಂದ ಇಲ್ಲಿಯವರೆಗೆ ಬಂದರು ಘಟ್ಟವನ್ನು ಉಂಡೇ ಬೆಳೆದಿದೆ.

ಕೊನೆಯದಾಗಿ ಬೊಬ್ಬರ್ಯನ ಗುಡಿ. ಮೊಗವೀರರು ಕಡಲಿಗಿಳಿಯುವ ಮೊದಲು ನೆನೆಯುವ ಈ ದೈವ, ಐತಿಹ್ಯದ ಪ್ರಕಾರ, ಕಡಲಿನಲ್ಲಿ ಮಡಿದ ಒಬ್ಬ ಮುಸ್ಲಿಂ ವರ್ತಕ. ಘೋಷ್ ತಮ್ಮ ಪುಸ್ತಕದಲ್ಲಿ ಈ ದೈವದ ಗುಡಿಗೆ ಹೋಗುತ್ತಾರೆ, ಅದರ ರೂಪ ಬದಲಾಗುತ್ತಿರುವುದನ್ನು ಕಂಡು ದುಃಖಿಸುತ್ತಾರೆ. ಇಲ್ಲಿ ಅವರ ದುಃಖ ಮಂಜಲ್ಲ, ನ್ಯಾಯವಾದದ್ದು. ಗೆನೀಝಾದ ಕೋಣೆಯಲ್ಲಿ ಕಾಗದ ಉಳಿದಂತೆ, ಇಲ್ಲಿ ಒಬ್ಬ ನಾವಿಕನ ಸಾವು ಪಾಡ್ದನದಲ್ಲಿ ಉಳಿದಿದೆ. ಬರೆಯಲು ಬಾರದವರು ಇಟ್ಟುಕೊಂಡ ದಫ್ತರ ಅದು. ಹೊಸ ಬಣ್ಣ ಬಳಿಯುವಾಗ ಆ ವರ್ತಕನ ಹೆಸರು ಅಳಿಸಿಹೋದರೆ, ಅದನ್ನು ಮತ್ತೆ ಹುಡುಕಲು ಯಾವ ಕೈರೋದಲ್ಲೂ ಇನ್ನೊಂದು ಪ್ರತಿಯಿಲ್ಲ. ಆದ್ದರಿಂದ ಮಂಗಳೂರಿಗೆ ಹೋದವರು ಆ ಗುಡಿಯ ಹತ್ತಿರದ ಹಿರಿಯರೊಬ್ಬರನ್ನು ಕೇಳಬೇಕು: ಅಜ್ಜಾ, ಈ ದೈವ ಯಾರು, ಎಲ್ಲಿಂದ ಬಂದವನು? ಅವರು ಹೇಳಿದ್ದನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಬೇಕು. ಅಂಥ ಹತ್ತು ಉತ್ತರಗಳು ಈ ವಾರ್ಷಿಕಕ್ಕೆ ಬಂದರೆ, ಮುಂದಿನ ಕೈಪಿಡಿ ಬರೆಯುವವರಿಗೆ ಬೇರೆ ಕ್ರಮ ಸಿಗುತ್ತದೆ.